ಒಂಟಿ ದುರ್ಬೀನಿನ ಲುತ್ಸಿ

ನಮ್ಮ ಕಣಿವೆಯಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಹಲ್ಲು ಕೀಳಿಸಿಕೊಳ್ಳುವುದಿಲ್ಲ. ಸಾಯುವವರು ಕೂಡ ಸಾಧ್ಯವಾದರೆ ಅಕ್ಟೋಬರಿನವರೆಗೆ ತಡೆದುಕೊಳ್ಳುತ್ತಾರೆ. ಅದು ಬೇಟೆಯ ತಿಂಗಳು. ಬಡಗಿ, ಅಂಚೆಯವನು, ಚರ್ಚಿನ ಗಂಟೆ ಹೊಡೆಯುವವನು, ಎಲ್ಲರೂ ಕೋವಿ ಹೊತ್ತು ಬೆಟ್ಟಕ್ಕೆ ಹೋಗುತ್ತಾರೆ. ಲುತ್ಸಿ ಕಾಥೋಮೆನ್ ಕೋವಿ ಹೊರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವನು ದುರ್ಬೀನು ಹೊತ್ತು ಹೋಗುತ್ತಿದ್ದ.

ಊರಿನ ಮೇಲಿನ ಇಳಿಜಾರಿನಲ್ಲಿ ಹಿಮ ಜಾರಿ ಬರದಂತೆ ತಡೆಯುವ ಉಕ್ಕಿನ ಬೇಲಿಗಳನ್ನು ನೆಡುವುದು, ಮುರಿದದ್ದನ್ನು ದುರಸ್ತಿ ಮಾಡುವುದು ಅವನ ಕೆಲಸವಾಗಿತ್ತು. ಹಾಗೆ ಕೆಲಸ ಮಾಡುತ್ತಿದ್ದಾಗ ತಂತಿಹಗ್ಗವೊಂದು ತುಂಡಾಗಿ ಬಲ ಭುಜಕ್ಕೆ ಬಡಿಯಿತು. ಆಮೇಲೆ ಕೋವಿಯ ಒದೆತ ಆ ಭುಜಕ್ಕೆ ಆಗಿಬರಲಿಲ್ಲ. ಅಂದಿನಿಂದ ಅವನು ನೆರೆಮನೆಯ ಮೋದೆಸ್ತ್ ದೆರುಂಗ್ಸನ ಜೊತೆ ನೋಡುವವನಾಗಿ ಹೋಗತೊಡಗಿದ.

ಬೆಟ್ಟಮೇಕೆಗಳಲ್ಲಿ ಗಂಡಿಗೂ ಕೊಂಬು, ಹೆಣ್ಣಿಗೂ ಕೊಂಬು. ಹೆಣ್ಣನ್ನು ಹೊಡೆಯಬಹುದು, ಆದರೆ ಮರಿಗೆ ಹಾಲೂಡುವ ಹೆಣ್ಣನ್ನು ಹೊಡೆಯುವಂತಿಲ್ಲ. ಕಾನೂನು ಹಾಗೆ ಹೇಳುತ್ತದೆ; ಕಾನೂನು ಬರುವ ಮೊದಲು ಊರು ಹಾಗೆ ಹೇಳುತ್ತಿತ್ತು. ಮರಿ ಎಷ್ಟೋ ಸಲ ಬಂಡೆಯ ಮರೆಯಲ್ಲಿ ಮಲಗಿರುತ್ತದೆ, ಕಾಣುವುದಿಲ್ಲ. ತಾಯಿಯ ಹಿಂಗಾಲುಗಳ ನಡುವೆ ಕೆಚ್ಚಲಿದೆಯೇ ಎಂದು ದೂರದಿಂದ ನೋಡಿ ನಿರ್ಧರಿಸಬೇಕು. ಆದ್ದರಿಂದ ಒಬ್ಬ ನೋಡುತ್ತಾನೆ, ಒಬ್ಬ ಗುರಿಯಿಡುತ್ತಾನೆ. ನೋಡುವವನು ಎರಡು ಮಾತಿನಲ್ಲಿ ಒಂದನ್ನು ಹೇಳುತ್ತಾನೆ: 'ಹಾಲು' ಅಥವಾ 'ಒಣ'. ಖಾತ್ರಿಯಿಲ್ಲದಿದ್ದರೆ ಬಾಯಿ ಬಿಡುವುದಿಲ್ಲ. ಮೇಕೆ ತನ್ನ ದಾರಿ ಹಿಡಿದು ಹೋಗುತ್ತದೆ. ಯಾಕೆ ಸುಮ್ಮನಿದ್ದೆ ಎಂದು ಯಾರೂ ಕೇಳುವುದಿಲ್ಲ. ತಪ್ಪಿ ಹಾಲಿನ ಹೆಣ್ಣನ್ನು ಹೊಡೆದವನು ಅದನ್ನು ತಾನೇ ಹೊತ್ತು ತಂದು, ಬೇಟೆ ಕಾವಲಿನವರ ಮುಂದಿಟ್ಟು, ತಾನೇ ಒಪ್ಪಿಕೊಳ್ಳಬೇಕು.

ಲುತ್ಸಿಯ ಮಾತು ಎಂದೂ ತಪ್ಪಿರಲಿಲ್ಲ. ಊರಿನ ಹೋಟೆಲಿನಲ್ಲಿ ಒಲೆಯ ಪಕ್ಕದ ಕುರ್ಚಿಯನ್ನು ಜನ ಅವನಿಗೆ ಬಿಟ್ಟುಕೊಡುತ್ತಿದ್ದುದಕ್ಕೆ ಬೇರೆ ಕಾರಣವಿರಲಿಲ್ಲ. ಅವನಿಗೆ ಹೊಲವಿರಲಿಲ್ಲ, ಮಕ್ಕಳಿರಲಿಲ್ಲ, ಹಾಡಲು ಬರುತ್ತಿರಲಿಲ್ಲ.

ಮೊದಲು ಹೋದದ್ದು ಎಡಗಣ್ಣು. ಡಾಕ್ಟರು ಕಣ್ಣಿಗೆ ಸೂಜಿ ಚುಚ್ಚಿ ಔಷಧ ಕೊಟ್ಟರು, ಉಪಯೋಗವಾಗಲಿಲ್ಲ. ಅದೇ ಹೊತ್ತಿಗೆ ಕುತ್ತಿಗೆಯ ಮೂಳೆ ಸವೆದು ಕೈಗಳು ಜೋಮು ಹಿಡಿಯತೊಡಗಿದವು. ಅಪ್ಪನ ಕಾಲದ ಜೋಡಿ ದುರ್ಬೀನನ್ನು ಕೊರಳಿಗೆ ಹಾಕಿಕೊಂಡರೆ ಕರುವೊಂದು ಜೋತುಬಿದ್ದಂತಾಗುತ್ತಿತ್ತು.

"ಅದನ್ನ ಗೂಟಕ್ಕೆ ನೇತುಹಾಕು, ನೀನೂ ಪಕ್ಕದಲ್ಲಿ ಕೂತ್ಕೋ," ಎಂದಳು ಹೆಂಡತಿ ಓನ್ನಾ.

"ಹಗುರದ್ದು ಸಿಗುತ್ತೆ ಈಗ. ಇರೋ ಒಂದು ಕಣ್ಣಿಗೆ ಎರಡು ಕೊಳವೆ ಯಾಕೆ ಹೊರಬೇಕು? ಒಂಟಿ ದುರ್ಬೀನು ತರ್ತೀನಿ."

"ತಾ. ಆಮೇಲೆ ಒಂಟಿ ಕಾಲಿಗೆ ಒಂಟಿ ಬೂಟು ತಾ."

ಇಲಾಂತ್ಸ್ ಪೇಟೆಯಲ್ಲಿ ಕೋವಿ, ದುರ್ಬೀನು ಮಾರುವ ಅಂಗಡಿ ಮೆಂಗಾಳದು. ಅಪ್ಪನಿಂದ ಅಂಗಡಿಯನ್ನೂ ಅವನ ನಾಲಗೆಯನ್ನೂ ಒಟ್ಟಿಗೆ ಪಡೆದ ಹೆಂಗಸು. ಲುತ್ಸಿ ಕೇಳಿದ್ದಕ್ಕೆ ಅವಳು ಮೊದಲು ಒಂದು ದಪ್ಪನೆಯ ಒಂಟಿ ದುರ್ಬೀನು ಕೊಟ್ಟಳು. ಅದರ ಮುಂಗಾಜು ಅಗಲವಾಗಿತ್ತು.

"ಮುಂಜಾನೆ ಮಬ್ಬಲ್ಲಿ ನೋಡೋನಿಗೆ ಅಗಲ ಗಾಜೇ ಬೇಕು. ಚಿಕ್ಕದ್ದು ಜೇಬಲ್ಲಿ ಕೂರುತ್ತೆ, ಆದ್ರೆ ಬೆಳಕು ಕುಡಿಯೋಲ್ಲ. ಹಗುರ ಆದಷ್ಟೂ ಕೈ ನಡುಗುತ್ತೆ, ಗೊತ್ತಲ್ಲ? ಭಾರ ಇದ್ರೆ ಕೈ ನಿಲ್ಲುತ್ತೆ. ಹೊರಗೆ ಹೋಗಿ ಗಂಟೆಗೋಪುರ ನೋಡ್ಕೊಂಡು ಬಾ."

ಲುತ್ಸಿ ಹೋಗಿ ಬಂದ. "ಗಾಜಿನ ನಡುವೆ ಕೊಳೆ ಇದೆ."

ಮೆಂಗಾ ಒರೆಸಿಕೊಟ್ಟಳು. ಮತ್ತೆ ಹೋಗಿ ಬಂದ. "ಗೋಪುರ ಸೊಟ್ಟಗೆ ಕಾಣುತ್ತೆ. ಗಾಜು ಸರಿಯಾಗಿ ಕೂರಿಸಿಲ್ಲ."

"ಐನೂರು ವರ್ಷದಿಂದ ನೆಟ್ಟಗಿದ್ದ ಗೋಪುರ ನೀನು ನೋಡಿದ ಕೂಡಲೇ ಸೊಟ್ಟಗಾಯ್ತಾ?"

ಇನ್ನೊಂದು ಕೊಟ್ಟಳು. ಅದರಲ್ಲೂ ಅದೇ ಕೊಳೆ. ಕೊನೆಗೆ ಅಂಗೈಯಲ್ಲಿ ಮುಚ್ಚಿಹೋಗುವಂಥ ಪುಟ್ಟದೊಂದನ್ನು ಕೊಟ್ಟಳು. ಅವನು ಹೊರಗೆ ನಿಂತು ತುಂಬ ಹೊತ್ತು ನೋಡಿದ. ಮೆಂಗಾ ಬಾಗಿಲಿಗೆ ಬಂದು, ದನಿ ತಗ್ಗಿಸಿ ಹೇಳಿದಳು: "ಲುತ್ಸಿ, ಎರಡು ಗಾಜಲ್ಲೂ ಒಂದೇ ಜಾಗದಲ್ಲಿ ಕೊಳೆ ಇರೋಕಾಗುತ್ತಾ? ನಿನ್ನ ಬಲಗಣ್ಣು ತೋರಿಸ್ಕೋ. ದುರ್ಬೀನು ಎಲ್ಲೂ ಓಡಿಹೋಗಲ್ಲ."

"ಇದರಲ್ಲಿ ಕೊಳೆ ಇಲ್ಲ. ಕಟ್ಟಿಕೊಡು," ಎಂದ ಅವನು.

ಅದರಲ್ಲೂ ಇತ್ತು. ಮೂರರಲ್ಲಿ ಅತ್ಯಂತ ಹಗುರವಾದದ್ದನ್ನು, ಮುಂಜಾನೆಗೆ ಅತ್ಯಂತ ಕೆಲಸಕ್ಕೆ ಬಾರದ್ದನ್ನು ಜೇಬಿನಲ್ಲಿಟ್ಟುಕೊಂಡು ಅವನು ಬಸ್ಸು ಹತ್ತಿದ. ಓನ್ನಾಳ ಮುಂದೆ, ಹೋಟೆಲಿನಲ್ಲಿ, ಎಲ್ಲರ ಮುಂದೆ ಅದನ್ನು ಹೊಗಳಿದ. ನೇರವಾಗಿ ನೋಡಿದ ಜಾಗದಲ್ಲಿ ಬೂದುಬಣ್ಣದ ಹೊಗೆಯಂಥದ್ದು ಕೂರುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಬೇಕಾದದ್ದು ಅಂಚಿನಲ್ಲಿ ಕಾಣುತ್ತದೆ ಎಂಬುದನ್ನು ಅಷ್ಟರಲ್ಲಿ ಅವನು ಕಂಡುಕೊಂಡಿದ್ದ. ಡಾಕ್ಟರ ಹತ್ತಿರ ಹೋಗಲಿಲ್ಲ. ಎಡಗಣ್ಣಿಗೆ ಅವರು ಮಾಡಿದ್ದನ್ನು ಅವನು ನೋಡಿದ್ದ. ಬಲಗಣ್ಣಿಗೆ ಅವರು ಹೇಳುವುದೇನೆಂಬುದೂ ಅವನಿಗೆ ಗೊತ್ತಿತ್ತು.

ಬೇಟೆ ಶುರುವಾದ ವಾರವೇ ಇಬ್ಬರೂ ಮೇಲಿನ ಸಡಿಲ ಕಲ್ಲಿನ ಇಳಿಜಾರಿನ ಅಂಚಿಗೆ ಹೋದರು. ಬೆಳಕು ಆಗತಾನೆ ಹರಿಯುತ್ತಿತ್ತು. ಮೋದೆಸ್ತ್ ಚೀಲದ ಮೇಲೆ ಕೋವಿ ಇಟ್ಟು ಬೋರಲು ಮಲಗಿದ. ಲುತ್ಸಿ ಊರುಗೋಲಿಗೆ ಮುಂಗೈ ಆನಿಸಿ ದುರ್ಬೀನು ಹಿಡಿದ. ಎದುರಿನ ಹುಲ್ಲುಪಟ್ಟಿಯಲ್ಲಿ ಬೆಟ್ಟಮೇಕೆಯೊಂದು ಒಂಟಿಯಾಗಿ ಮೇಯುತ್ತಿತ್ತು.

"ಹೆಣ್ಣು," ಎಂದ ಮೋದೆಸ್ತ್. ಅಷ್ಟು ಅವನಿಗೂ ಕೋವಿಯ ಗಾಜಿನಲ್ಲಿ ಕಂಡಿತು. "ಹೊಟ್ಟೆ ಕೆಳಗೆ ಹುಲ್ಲು ಅಡ್ಡ ಬರ್ತಿದೆ ನಂಗೆ. ನೀನು ನೋಡು."

ಲುತ್ಸಿ ನೋಡಿದ. ಹೊಟ್ಟೆಯ ಮೇಲೆ ಹೊಗೆ ಕೂತಿತು. ಭುಜದ ಕಡೆಗೆ ಕಣ್ಣು ಸರಿಸಿದ. ಅಂಚಿನಲ್ಲಿ ಹಿಂಗಾಲು ಬಂದು ಹೋಯಿತು. ಹಗುರವಾದ ಕೊಳವೆ ಅವನ ಉಸಿರಿಗೂ ಅಲುಗಾಡುತ್ತಿತ್ತು. ಮಬ್ಬಿನಲ್ಲಿ ಎಲ್ಲ ಒಂದೇ ಕಂದು.

"ಏನು?"

ಲುತ್ಸಿ ಮಾತಾಡಲಿಲ್ಲ.

"ಗಾಳಿ ತಿರುಗ್ತಿದೆ ಕಣೋ. ಊರಿಗೆಲ್ಲ ತೋರಿಸ್ಕೊಂಡು ಬಂದ್ಯಲ್ಲ, ಆ ಹೊಸ ದುರ್ಬೀನು ಇನ್ನೂ ನಿದ್ದೆಯಿಂದ ಎದ್ದಿಲ್ವಾ? ಇಲ್ಲ ನೀನೇ ಎದ್ದಿಲ್ವಾ?"

ಮೋದೆಸ್ತ್ ತಮಾಷೆಗೆ ಹೇಳಿದ್ದು. ಅವನು ಪ್ರತಿ ವರ್ಷವೂ ಇಂಥದ್ದೇನಾದರೂ ಹೇಳುತ್ತಿದ್ದ. ಮೇಕೆ ತಲೆಯೆತ್ತಿತು. ಇನ್ನೊಂದು ಕ್ಷಣ ಸುಮ್ಮನಿದ್ದರೆ ಅದು ಹೋಗುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ.

"ಒಣ," ಎಂದ ಲುತ್ಸಿ.

ಕೋವಿ ಸಿಡಿಯಿತು.

ಬೇಟೆ ಬಿದ್ದಾಗ ನೋಡುವವನು ಕುರುಚಲು ಪೈನಿನ ಒಂದು ರೆಂಬೆ ಮುರಿದು, ಅದರ ತುದಿಯನ್ನು ಪ್ರಾಣಿಯ ಬಾಯಿಗೆ ಕೊನೆಯ ತುತ್ತೆಂದು ಇಟ್ಟು, ಉಳಿದದ್ದನ್ನು ಹೊಡೆದವನ ಟೊಪ್ಪಿಗೆಗೆ ಸಿಕ್ಕಿಸುತ್ತಾನೆ. ಲುತ್ಸಿ ದಾರಿಯಲ್ಲೇ ರೆಂಬೆ ಮುರಿದುಕೊಂಡು ಕಲ್ಲು ದಾಟಿ ನಿಧಾನವಾಗಿ ಬಂದ. ಮೋದೆಸ್ತ್ ಮೊದಲೇ ತಲುಪಿ ಮೇಕೆಯ ಪಕ್ಕದಲ್ಲಿ ಮೊಣಕಾಲೂರಿದ್ದ. ಏನನ್ನೋ ಹಿಂಡಿ ನೋಡಿ, ಬೆರಳನ್ನು ಹುಲ್ಲಿಗೆ ಒರೆಸಿದ.

"ಏನು?" ಈಗ ಕೇಳಿದವನು ಲುತ್ಸಿ.

"ಹಾಲು."

ಲುತ್ಸಿ ರೆಂಬೆಯ ತುದಿಯನ್ನು ಮುರಿದು ತಡಕಾಡಿ ಅದರ ಬಾಯಿಗಿಟ್ಟ. ಉಳಿದದ್ದು ಕೈಯಲ್ಲೇ ಉಳಿಯಿತು. ಮೋದೆಸ್ತ್ ಟೊಪ್ಪಿಗೆ ಚಾಚಲಿಲ್ಲ.

"ಮರಿ ಎಲ್ಲಿದೆ, ಮೋದೆಸ್ತ್?"

ಮೋದೆಸ್ತ್ ಅವನ ಕೈಯಿಂದಲೇ ದುರ್ಬೀನು ತೆಗೆದುಕೊಂಡು ಮೇಲಕ್ಕೆ ನೋಡಿದ. "ಇಲ್ಲ. ಗುಂಪಿನ ಜೊತೆ ಹೋಗಿರಬೇಕು."

"ಗುಂಪು ಎಲ್ಲಿತ್ತು?"

"ಹೋಗಿರಬೇಕು ಅಂದ್ನಲ್ಲ. ನಡಿ."

ಮೋದೆಸ್ತ್ ಹೊತ್ತ, ಲುತ್ಸಿ ಹಿಂದೆ ಇಳಿದ. ಅವನ ಕಿವಿ ಚೆನ್ನಾಗಿತ್ತು. ಮರಗಳ ಸಾಲು ಸಿಗುವ ತನಕ ಹಿಂದೆ ಮೇಲುಗಡೆಯಿಂದ ಸಣ್ಣ ಕಲ್ಲುಗಳು ಉರುಳುವುದು ಕೇಳುತ್ತಿತ್ತು. ಅವರು ನಿಂತರೆ ಅದೂ ನಿಲ್ಲುತ್ತಿತ್ತು.

ಬೇಟೆ ಕಾವಲಿನ ಕೆಲಸದಲ್ಲಿದ್ದವಳು ಲುತ್ಸಿಯ ತಂಗಿಯ ಮಗಳು ಸೆರೈನಾ. ಅವಳು ಮೇಕೆಯನ್ನು ಮಗುಚಿ ನೋಡಿ ಎದ್ದು ನಿಂತಳು.

"ನಾನು ಹೊಡೆದೆ. ಹಾಲಿದೆ," ಎಂದ ಮೋದೆಸ್ತ್.

"ನೋಡಿದ್ದು ನಾನು. ಒಣ ಅಂದವನು ನಾನು. ನನ್ನ ಹೆಸರು ಹಾಕು," ಎಂದ ಲುತ್ಸಿ.

"ಮಾವ, ಕೋವಿಯ ಕುದುರೆ ಎಳೆದದ್ದು ಯಾರು ಅಂತಷ್ಟೇ ನಾನು ಕೇಳೋದು."

"ಅವನಿಗೆ ಕಾಣ್ತಿರಲಿಲ್ಲ, ಹುಲ್ಲು ಅಡ್ಡ ಇತ್ತು!"

"ಕಾಣದಿದ್ರೆ ಹೊಡೀಬಾರದಿತ್ತು."

"ನಾನು ಹೇಳಿದ್ದಕ್ಕೆ ಹೊಡೆದ. ನಂಗೂ ಕಾಣ್ತಿರಲಿಲ್ಲ, ಸೆರೈನಾ. ಕಾಣದೆಯೇ ಹೇಳಿದೆ."

ಊರಿನ ಮುಂದೆ ಅವನು ಅದನ್ನು ಹೇಳಿದ್ದು ಅದೇ ಮೊದಲು. ಸುತ್ತ ಬೇರೆ ಬೇಟೆಗಾರರೂ ನಿಂತಿದ್ದರು. ಒಬ್ಬ ತನ್ನ ಪೈಪಿಗೆ ಹೊಗೆಸೊಪ್ಪು ತುಂಬಿಕೊಳ್ಳತೊಡಗಿದ. ಲುತ್ಸಿ ಹೇಳಿದ್ದರಿಂದ ಏನೂ ಬದಲಾಗಲಿಲ್ಲ. ತಪ್ಪು ಮೋದೆಸ್ತನ ಹೆಸರಿಗೇ ಬಿತ್ತು. ಇಷ್ಟು ವರ್ಷಗಳಲ್ಲಿ ಅವನ ಹೆಸರಿಗೆ ಬಿದ್ದ ಮೊದಲ ತಪ್ಪು.

"ಮರಿ?" ಎಂದು ಕೇಳಿದಳು ಸೆರೈನಾ.

ಮೋದೆಸ್ತ್ ಲುತ್ಸಿಯ ಕಡೆ ತಿರುಗಲಿಲ್ಲ. "ಮರದ ಸಾಲಿನವರೆಗೂ ಬಂತು. ಈಗ್ಲೂ ಅಲ್ಲೇ ಇರುತ್ತೆ."

ಅವಳು ತನ್ನ ಕೋವಿ ತೆಗೆದುಕೊಂಡು ಮೇಲೆ ಹೋದಳು. ಆ ವಯಸ್ಸಿನ ಮರಿ ತಾಯಿಯಿಲ್ಲದೆ ಚಳಿಗಾಲ ದಾಟುವುದಿಲ್ಲ. ಮಧ್ಯಾಹ್ನ ಓನ್ನಾ ಬಾರ್ಲಿ ಗಂಜಿ ಬಡಿಸುತ್ತಿದ್ದಾಗ ಬೆಟ್ಟದಿಂದ ಒಂದೇ ಒಂದು ಸದ್ದು ಬಂತು. ಲುತ್ಸಿ ಚಮಚ ಕೆಳಗಿಟ್ಟ.

"ತಿನ್ನು. ಆರುತ್ತೆ," ಎಂದಳು ಓನ್ನಾ. ಅವನು ತಿಂದ.

ಆಮೇಲೆ ಡಾಕ್ಟರ ಹತ್ತಿರವೂ ಹೋದ. ಅವರು ಹೇಳಿದ್ದು ಅವನು ಊಹಿಸಿದ್ದನ್ನೇ. ಹೋಟೆಲಿನಲ್ಲಿ ಒಲೆಯ ಪಕ್ಕದ ಕುರ್ಚಿಯನ್ನು ಜನ ಆಗಲೂ ಬಿಟ್ಟುಕೊಟ್ಟರು, ಬೇರೆ ಕಾರಣಕ್ಕೆ. ಅವನು ಅಲ್ಲಿಗೆ ಹೋಗುವುದನ್ನು ಬಿಟ್ಟ.

ಮುಂದಿನ ಸೆಪ್ಟೆಂಬರಿನಲ್ಲಿ ಮೋದೆಸ್ತ್ ಎಂದಿನಂತೆ ಬಂದು ಬಾಗಿಲು ತಟ್ಟಿದ. ಲುತ್ಸಿ ಒಂಟಿ ದುರ್ಬೀನನ್ನು ತಂದು ಅವನ ಕೈಗಿತ್ತ.

"ಎರಡು ಕಣ್ಣಿರೋನು ಇದನ್ನ ಇಟ್ಕೊಂಡು ಏನು ಮಾಡ್ಲಿ?"

"ಒಂದು ಮುಚ್ಕೋ."

ಮೋದೆಸ್ತ್ ಒಬ್ಬನೇ ಹೋಗಿ, ಕತ್ತಲಾಗುವ ಮೊದಲು ಬರಿಗೈಯಲ್ಲಿ ಬಂದ. ಅಡಿಗೆಮನೆಯ ಬೆಂಚಿನ ಮೇಲೆ ಕೂತು ಬೂಟಿನ ದಾರ ಸಡಿಲಿಸಿದ.

"ಒಂದು ಹೆಣ್ಣು ಸಿಕ್ತು. ಹುಲ್ಲು ಅಡ್ಡ ಇರಲಿಲ್ಲ. ತುಂಬ ಹೊತ್ತು ನೋಡಿದೆ, ಮರಿ ಬರಲಿಲ್ಲ. ಹೊಟ್ಟೆ ಬಿಗಿಯಾಗಿತ್ತು, ತೊಡೆ ಹತ್ರ ಕೂದಲು ನುಣುಪಾಗಿತ್ತು. ಬಂಡೆ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ. ಆದ್ರೂ ಬೆರಳು ಬಗ್ಗಲಿಲ್ಲ. ಹೇಳು, ಒಣ ಅಲ್ವಾ ಅದು?"

ಲುತ್ಸಿ ಅವನ ಕಡೆಗೆ ಮುಖ ತಿರುಗಿಸಿದ, ಅವನನ್ನು ಅಂಚಿನಲ್ಲಿ ಕಾಣಲು ಸ್ವಲ್ಪ ಪಕ್ಕಕ್ಕೆ.

"ಹೇಳೋ. ಒಣ ತಾನೇ?"

ಲುತ್ಸಿ ಬಾಯಿ ಬಿಡಲಿಲ್ಲ. ಮೋದೆಸ್ತ್ ಮತ್ತೆ ಕೇಳದೆ ಇನ್ನೊಂದು ಬೂಟಿನ ದಾರ ಬಿಚ್ಚಿದ.