ಆಯಿ ಮುಟ್ಟಿದ ಭಂಡಾರ

ಮೊನ್ನೆ ನಾದಿನಿ ಸವದತ್ತಿ ಗುಡ್ಡದಿಂದ ತಂದ ಪ್ರಸಾದದ ಪುಡಿಕೆ ಬಿಚ್ಚಿದಳು. ಭಂಡಾರದ ಆ ಅರಿಶಿನದ ವಾಸನೆ ಅಡುಗೆಮನೆತನಕ ಬಂತು. ಕೈಮುಗಿಯುವುದು ಬಿಟ್ಟು ನಾನು, ಬೈಲಹೊಂಗಲದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮುದುಕಿ ಆಯಿಯನ್ನು ನೆನೆಯುತ್ತ ಕುಳಿತೆ...

ಓಣಿಯ ಹೆಂಗಸರೆಲ್ಲ ಆಯಿ ಹೇಳಿದವರಿಗೇ ವೋಟು ಹಾಕುತ್ತಿದ್ದರು. ಇದು ಪುಢಾರಿಗಳಿಗೂ ಗೊತ್ತಿತ್ತು. ಒಂದು ಸಲ ವಿಧಾನಸಭೆಗೆ ನಿಂತವನೊಬ್ಬ ಭಂಡಾರದ ತಟ್ಟೆ ಹಿಡಿದು ಆಯಿಯ ಕಟ್ಟೆಗೇ ಬಂದ. ಭಂಡಾರ ಮುಟ್ಟಿಸಿ ಆಣೆ ಮಾಡಿಸುವುದು ನಮ್ಮ ಕಡೆಯ ರೂಢಿ. ಆಯಿ ಸುಲಭಕ್ಕೆ ಬಗ್ಗುವ ಪೈಕಿ ಅಲ್ಲ. ಐದು ವರ್ಷ ನಮ್ಮನ್ನು ಬಿಟ್ಟು ಹೋಗುವುದಿಲ್ಲ ಎಂದು ಮೊದಲು ನೀವು ಮುಟ್ಟಿರಿ ಅಂದಳು. ಅವನು ಮುಟ್ಟಿದ. ಹಾಗಾದರೆ ನೀವು ನಿಂತಾಗೆಲ್ಲ ನಮ್ಮ ವೋಟು ನಿಮಗೇ ಎಂದು ಆಯಿಯೂ ಮುಟ್ಟಿದಳು, ಓಣಿಯವರಿಂದಲೂ ಮುಟ್ಟಿಸಿದಳು.

ಅವನು ಆರಿಸಿ ಬಂದ. ಅರ್ಧ ಅವಧಿ ಮುಗಿಯುವುದರೊಳಗೆ ರಾಜೀನಾಮೆ ಕೊಟ್ಟು ಬೇರೆ ಪಕ್ಷಕ್ಕೆ ಜಿಗಿದ. ಉಪಚುನಾವಣೆ ಬಂತು. ಹೊಸ ಚಿಹ್ನೆ ಹೊತ್ತು, ಮತ್ತೆ ಅದೇ ತಟ್ಟೆ ಹಿಡಿದು ಬಂದ ಪುಣ್ಯಾತ್ಮ!

ಆಯಿ ಕೈ ಚಾಚಲಿಲ್ಲ. ಓಣಿಯೆಲ್ಲ ಕೇಳುವಂತೆ ಅಂದಳು: "ಸಾಹೇಬ್ರ, ಕೈಗೆ ಹತ್ತಿದ ಭಂಡಾರ ತೊಳದ್ರ ಹೋಗತೈತಿ. ಕೊಟ್ಟ ಮಾತು ಎಲ್ಲಿ ತೊಳೀತೀರಿ?"

ಅವನ ಮುಖ ಕಪ್ಪಿಟ್ಟಿತು. ತಟ್ಟೆ ಎತ್ತಿಕೊಂಡು ಹೊರಟುಹೋದ.

ಮರುದಿನ ಆಯಿ ಮನೆಮನೆಗೆ ಹೋದಳು. ಮುಟ್ಟಿಸಿದವಳು ನಾನು, ಆಣೆ ಮುರಿದ ಪಾಪ ನನಗಿರಲಿ, ನಿಮ್ಮ ಮನಸ್ಸು ಬಂದವರಿಗೆ ಹಾಕಿರಿ ಎಂದು ಹೇಳಿಬಂದಳು. ಇನ್ನು ಮುಂದೆ ನಮಗೇನೂ ಹೇಳಬೇಡ ಎಂದು ಒಂದಿಬ್ಬರು ಮುಖಕ್ಕೇ ಅಂದರಂತೆ. ಅದರಿಂದ ಅವಳಿಗೆ ಬಹಳ ನೋವಾಯಿತು.

ಮತದಾನದ ದಿನ ಅವಳನ್ನು ಶಾಲೆಗೆ ಕರೆದೊಯ್ದವಳು ನಾನು. ವೋಟು ಹಾಕಿ ಬಂದವಳು ಬೇವಿನ ಗಿಡದ ಕೆಳಗೆ ಕುಸಿದು ಕುಳಿತಳು. ಕಣ್ಣಲ್ಲಿ ನೀರು.

"ಅವಂಗ ಹಾಕಿ ಬಂದೆ, ತಂಗಿ," ಎಂದಳು. "ಅಂವ ಮಾತು ತಪ್ಪಿದ್ರ ಅವನ ಪಾಪ. ನಾ ಯಾಕ ತಪ್ಪಲಿ?"

ಎಂಥ ಹಟ ಇದು! ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ...

ಅವನು ಗೆದ್ದ. ಆಯಿ ಆಮೇಲೆ ಯಾರ ಹತ್ತಿರವೂ ವೋಟಿನ ಮಾತು ಆಡಲಿಲ್ಲ. ಹೋದ ವರ್ಷ ತೀರಿಕೊಂಡಳು. ಈಗ ಚುನಾವಣೆ ಎಂದರೆ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಯಿಯನ್ನು ಮಣ್ಣು ಮಾಡಿದ ದಿನ ಅವನ ಕಾರು ಓಣಿಯ ಬಾಯಲ್ಲೇ ಹಾಯ್ದು ಹೋಯಿತು, ನಿಲ್ಲಲಿಲ್ಲ. ತನಗೆ ಅವಮಾನ ಮಾಡಿ ಎದುರಿನವನಿಗೆ ವೋಟು ಹಾಕಿದ ಮುದುಕಿ ಎಂದೇ ಅವನು ಇಂದಿಗೂ ತಿಳಿದಿದ್ದಾನೆ.