ಅತ್ತೆ ಬಾರಿಸಿದ ಗಂಟೆ

ಚರ್ಚಿನ ಗಂಟೆಯ ಹಗ್ಗ ನನ್ನ ಅತ್ತೆಯ ಕೈಯಲ್ಲಿತ್ತು! ಮೂಡುಬಿದಿರೆಯಲ್ಲಿ ಚೌಟರ ಅರಮನೆ ನೋಡಿ, ಹಳೆಯ ಚರ್ಚುಗಳನ್ನು ಸುತ್ತುತ್ತಾ ಮಧ್ಯಾಹ್ನದ ಹೊತ್ತಿಗೆ ನಮ್ಮ ಗದ್ದೆಯಾಚೆಗಿನ ಚರ್ಚಿಗೆ ಬಂದಿದ್ದೆವು.

"ಮದುವೆಯಾಗಿ ಬಂದ ಲಾಗಾಯ್ತು ಈ ಗಂಟೆ ಕೇಳಿಯೇ ನಾನು ಅನ್ನ ಬಸಿಯುವುದು. ಒಳಗೆ ಬಂದದ್ದು ಇವತ್ತೇ," ಎಂದರು ಅತ್ತೆ. ಗಂಟೆ ಬಾರಿಸಲು ಬಂದಿದ್ದ ಹಿರಿಯರು ನಕ್ಕು, "ಹಾಗಾದರೆ ಇವತ್ತು ನೀವೇ ಬಾರಿಸಿ ಅಮ್ಮ," ಎಂದು ಹಗ್ಗ ಕೊಟ್ಟುಬಿಟ್ಟರು. ಅತ್ತೆ ಸೆರಗು ಬಿಗಿದು ಎಳೆದರು. ಢಣ್ ಎಂದದ್ದಕ್ಕೆ ಬೆಚ್ಚಿದವರು ಮರುಕ್ಷಣವೇ ಇನ್ನೂ ಜೋರಾಗಿ ಎಳೆದರು.

ಮನೆಗೆ ಮರಳುವಾಗ ನೆರೆಮನೆಯ ಲೀಲಕ್ಕ, "ಇವತ್ತು ಗಂಟೆ ಎಂತ ಹಾಗೆ ಬಾರಿಸಿದ್ದು?" ಎಂದು ಕೇಳಿದರು.

"ಅದು ನಾನು ಮಾರಾಯ್ತಿ!" ಅತ್ತೆ ದಾರಿಯಿಂದಲೇ ಕೂಗಿದರು.

ಈಗ ಮಧ್ಯಾಹ್ನ ಗಂಟೆ ಕೇಳಿದರೆ ಅತ್ತೆ ಸೌಟು ಕೆಳಗಿಟ್ಟು ಕಿವಿಗೊಡುತ್ತಾರೆ. "ಬಾರಿಸ್ತಾರೆ, ಆದರೆ ನನ್ನಷ್ಟು ಜೋರು ಇಲ್ಲ," ಎನ್ನುತ್ತಾರೆ.