ಹಿತ್ತಿಲ ಮಣ್ಣಿನ ಗುಡ್ಡೆ

ಹಿತ್ತಿಲಲ್ಲಿ ಬೇವಿನ ಮರದ ಪಕ್ಕದ ಮಣ್ಣಿನ ಗುಡ್ಡೆಯ ಮೇಲೆ ನೀವು ಜಾರಿ ಆಡುತ್ತೀರಿ. ಮಳೆ ಬಿದ್ದಾಗ ಅದರ ಒಂದು ಮಗ್ಗುಲಿಗೆ ಮಾತ್ರ ಹುಲ್ಲು ಬರುತ್ತದೆ, ಇನ್ನೊಂದು ಮಗ್ಗುಲು ಬೋಳಾಗಿಯೇ ಇರುತ್ತದೆ. ಯಾಕಜ್ಜಿ ಹಂಗೆ ಎಂದು ನಿಮ್ಮಲ್ಲಿ ಚಿಕ್ಕವಳು ಮೊನ್ನೆ ಕೇಳಿದಳು. ನಿಮ್ಮಪ್ಪ ಅಲ್ಲೇ ಊಟ ಮಾಡುತ್ತಿದ್ದ. ನಾನು ಒಲೆಯ ಕಡೆ ತಿರುಗಿ ಮುದ್ದೆ ತಿರುವತೊಡಗಿದೆ. ಎದುರಿಗೆ ಕೂತು ಇಂಥದ್ದನ್ನೆಲ್ಲ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಆ ಗುಡ್ಡೆ ನಮ್ಮ ಹಳೆಯ ಮನೆಯ ಮಾಳಿಗೆ, ಅಂದರೆ ಮಣ್ಣಿನ ಚಾವಣಿ. ಈಗಿನ ಸಿಮೆಂಟಿನ ಮನೆ ನಿಂತಿರುವ ಜಾಗದಲ್ಲೇ ಆ ಮನೆ ಇತ್ತು. ಗೋಡೆ ಕಲ್ಲುಮಣ್ಣಿನದು. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತಾಗಿ ಕಟ್ಟಿಗೆ, ಅದರ ಮೇಲೆ ಬಂದರೆ ಎಂಬ ಕುರುಚಲು ಗಿಡದ ಸೊಪ್ಪು, ಆಮೇಲೆ ಮೊಣಕೈ ಉದ್ದ ಮಣ್ಣು. ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಬೇಸಿಗೆಯಲ್ಲಿ ಚಳ್ಳಕೆರೆಯ ಸಂತೆಯಿಂದ ಸುಟ್ಟುಕೊಂಡು ಬಂದರೂ ಆ ಮನೆಯೊಳಗೆ ಕಾಲಿಟ್ಟರೆ ಬಾವಿಯ ಪಕ್ಕ ಕೂತಂತಿರುತ್ತಿತ್ತು.

ಚೌಳು ಅಂದರೆ ಉಪ್ಪು ಕೂಡಿದ ಬಿಳಿ ಮಣ್ಣು. ಅದರಲ್ಲಿ ಒಂದು ಗರಿಕೆಯೂ ಹುಟ್ಟುವುದಿಲ್ಲ. ಹೊಲದಲ್ಲಿದ್ದರೆ ಶಾಪ, ಮಾಳಿಗೆ ಮೇಲಿದ್ದರೆ ವರ. ನೀರು ಬಿದ್ದ ಕೂಡಲೆ ಬೆಣ್ಣೆ ಸವರಿದಂತೆ ಮುಚ್ಚಿಕೊಂಡು ನೀರನ್ನು ಅಂಚಿನ ದೋಣಿಯ ಕಡೆಗೆ, ಹೊರಗೆ ಬೀಳುವ ಕೊಳವೆಯ ಕಡೆಗೆ ಜಾರಿಸಿಬಿಡುತ್ತದೆ. ಮುಂಗಾರಿಗೆ ಮುಂಚೆ ಹೊಸ ಚೌಳು ತಂದು ಹರಡಿ, ನೀರು ಚಿಮುಕಿಸಿ, ಮರದ ದಿಮ್ಮಸಿನಿಂದ ಬಡಿದು ಗಟ್ಟಿ ಮಾಡಬೇಕು. ಬಿಳಿಯಾಗಿರುವ ಮಣ್ಣೆಲ್ಲ ಚೌಳಲ್ಲ. ಅದನ್ನು ತಿಳಿಯುವುದು ನಾಲಿಗೆಯಿಂದ. ಮನೆಯ ಹಿರಿಯ ಒಂದು ಚಿಟಿಕೆ ನಾಲಿಗೆಗೆ ಇಟ್ಟು, ಉಗುಳಿ, ಐತೆ ಅಥವಾ ಇಲ್ಲ ಅನ್ನುತ್ತಾನೆ. ಅವನು ಇಟ್ಟ ಮೇಲೆ ಇನ್ನೊಬ್ಬರು ಇಡುವುದಿಲ್ಲ. ಇಟ್ಟರೆ ಅವನ ಮಾತನ್ನು ತೂಕ ಮಾಡಿದಂತೆ. ನಾನು ಸೊಸೆಯಾಗಿ ಬಂದಾಗ ನಿಮ್ಮ ಮುತ್ತಾತ ಇಡುತ್ತಿದ್ದರು, ಆಮೇಲೆ ನಿಮ್ಮ ತಾತ.

ನಿಮ್ಮ ತಾತನಿಗೆ ಬೇರೆ ಹವ್ಯಾಸ ಇರಲಿಲ್ಲ. ಕುರಿ ಕಾಯ್ದು ಬಂದರೆ ಬೀಡಿ ಸೇದುತ್ತಾ ಮಾಳಿಗೆ ಮೇಲೆ ಓಡಾಡುವುದು, ಇರುವೆ ಗೂಡು ಕಂಡರೆ ಮುಚ್ಚುವುದು, ಮೊಳೆತ ಬೀಜ ಕಂಡರೆ ಕೀಳುವುದು. ಮಳೆಯಲ್ಲಿ ಎಲ್ಲಾದರೂ ಸೋರಿದರೆ ಅವರು ಗೋಣಿ ಕೊಪ್ಪೆ ಹಾಕಿಕೊಂಡು ಮೇಲೆ ಹೋಗುತ್ತಿದ್ದರು. ನಾನು ಒಳಗೆ ಉದ್ದನೆಯ ಬಿದಿರಿನ ಗಣೆ ಹಿಡಿದು ಹನಿ ಬೀಳುವ ಕಡೆ ಕೆಳಗಿನಿಂದ ತಟ್ಟುತ್ತಿದ್ದೆ. ಅವರು ಆ ಸದ್ದಿಗೆ ಬಂದು ಕಾಲಿನಿಂದ ತುಳಿಯುತ್ತಿದ್ದರು.

“ಇಲ್ಲೇನೇ?”

“ಇನ್ನೊಂಚೂರು ಬಾಗ್ಲ ಕಡೆಗ್ರಿ.”

“ಜೋರಾಗಿ ತಟ್ಟೇ, ನಿಮ್ಮೂರ ಚಪ್ಪಡಿ ಕಲ್ಲಲ್ಲ ಇದು, ಒಡೆಯಲ್ಲ.”

ನನ್ನ ತವರು ಮೊಳಕಾಲ್ಮೂರಿನ ಆಚೆ, ಆಂಧ್ರದ ಅಂಚಿನಲ್ಲಿ. ಅಲ್ಲಿ ನಮ್ಮದು ಕಲ್ಲು ಚಪ್ಪಡಿ ಹೊದಿಸಿದ ಮನೆ. ಚೌಳಿನ ಸಂಗತಿ ನಮಗೆ ಗೊತ್ತಿರಲಿಲ್ಲ. ಅದನ್ನು ಹಿಡಿದು ಅವರು ಸಾಯುವವರೆಗೂ ನನ್ನನ್ನು ಚುಚ್ಚುತ್ತಿದ್ದರು. ಮಂದಿಯ ಮುಂದೆ ನಾವಿಬ್ಬರೂ ಹೆಚ್ಚು ಮಾತಾಡಿದವರಲ್ಲ. ಮಾಳಿಗೆಯ ಮೇಲೊಬ್ಬರು ಕೆಳಗೊಬ್ಬರು ಇದ್ದಾಗ ಮಾತ್ರ ನಮ್ಮ ಗಂಟಲು ತೆರೆಯುತ್ತಿತ್ತು.

ಚೌಳು ಸಿಗುತ್ತಿದ್ದುದು ಊರಿನ ಕುರಿಗಳೆಲ್ಲ ಮೇಯುತ್ತಿದ್ದ ಕಾವಲಿನ ತಗ್ಗಿನಲ್ಲಿ. ಸರ್ಕಾರ ಆ ಕಾವಲನ್ನು ಯಾವುದೋ ದೊಡ್ಡ ಸಂಸ್ಥೆಗೆ ಕೊಟ್ಟು ಸುತ್ತ ಗೋಡೆ ಬಂತು. ಕುರಿಯ ದಾರಿ ಸುತ್ತುಬಳಸಾಯಿತು, ತಗ್ಗು ಗೋಡೆಯ ಒಳಗೆ ಉಳಿಯಿತು. ನಿಮ್ಮಪ್ಪನಿಗೆ ಅದೇ ಗೋಡೆಯ ಒಳಗೆ ಗಿಡಕ್ಕೆ ನೀರು ಬಿಡುವ ಕೆಲಸ ಸಿಕ್ಕಿತು. ತಾತ ಕೇಳುತ್ತಲೇ ಇದ್ದರು.

“ಒಂದು ಟ್ರಾಕ್ಟರ್ ಮಣ್ಣು ಕೇಳಿ ನೋಡಲೇ.”

“ಒಂದು ಕಲ್ಲು ಎತ್ಕೊಂಡು ಈಚೆ ಬರಂಗಿಲ್ಲಪ್ಪ ಅಲ್ಲಿ. ಮಣ್ಣು ಕೇಳಿದ್ರೆ ನಗ್ತಾರೆ.”

“ನಗ್ಲಿ ಬಿಡು. ನಕ್ಕಂಡು ಕೊಟ್ರೂ ಸಾಕು.”

ನಿಮ್ಮಪ್ಪ ಕೇಳಲಿಲ್ಲ. ಕೇಳಿದ್ದರೂ ಕೊಡುತ್ತಿರಲಿಲ್ಲ. ಮಾಳಿಗೆಯ ಮೇಲಿನ ಪದರ ಮಳೆಗೆ ಕೊಚ್ಚಿ ತೆಳ್ಳಗಾಗುತ್ತಾ ಬಂತು. ಕೆಡವಿ ಸಿಮೆಂಟಿನ ಮನೆ ಕಟ್ಟೋಣ ಎಂದು ನಿಮ್ಮಪ್ಪ ಹೇಳಿದಾಗ ತಾತ ಸಿಟ್ಟಾಗಲಿಲ್ಲ. “ನಾನು ಹೋದ್ಮೇಲೆ ಕಟ್ಕೋ. ನಾನಿರೋಗಂಟ ನನ್ ಮಾಳಿಗೆ ಕೆಳಗೆ ಇರ್ತೀನಿ. ಹೆಣಾನೂ ಅದರ ಕೆಳಗಿಂದಾನೇ ಎತ್ರಿ” ಎಂದರು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿತು. ಆಸ್ಪತ್ರೆಯಿಂದ ತಂದು ಒಳಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿದೆವು. ಮಲಗಿದವರ ಕಣ್ಣು ದಿನವೆಲ್ಲ ಜಂತೆಯ ಮೇಲೇ. ಅವರ ಕಾಲಿನ ಹತ್ತಿರ ನಮ್ಮ ಬೂದಿ ಬಣ್ಣದ ಬೆಕ್ಕು ಮಲಗುತ್ತಿತ್ತು. ಆ ಕಾಯಿಲೆ ಅವರ ನಾಲಿಗೆಯನ್ನೂ ಕೆಡಿಸಿತ್ತು. ಏನು ಕೊಟ್ಟರೂ ಉಪ್ಪು ಅನ್ನುವರು. ಹುರುಳಿ ಸಾರು ಉಪ್ಪು, ಮಜ್ಜಿಗೆ ಉಪ್ಪು, ಕಡೆಗೆ ಕುಡಿಯುವ ನೀರೂ ಉಪ್ಪು. ಅವರ ಪಾಲಿನ ಸಾರನ್ನು ನಾನು ಉಪ್ಪು ಹಾಕುವ ಮುಂಚೆಯೇ ಬೇರೆ ತೆಗೆದಿಡುತ್ತಿದ್ದೆ. ಅದನ್ನು ಉಂಡು, ಈಗ ಸರಿ ಐತೆ ಅನ್ನುತ್ತಿದ್ದರು.

ಮಳೆಗಾಲ ಹತ್ತಿರ ಬಂತು. ಮಾಳಿಗೆಗೆ ಮಣ್ಣು ಬೀಳದಿದ್ದರೆ ಅವರನ್ನು ಆ ಕೋಣೆಯಲ್ಲಿ ಇಡುವಂತಿರಲಿಲ್ಲ. ಹಿತ್ತಿಲಲ್ಲಿ ಕುರಿಮರಿ ಕೂಡುತ್ತಿದ್ದ ತಗಡಿನ ಕೊಟ್ಟಿಗೆ ಒಂದೇ ಇದ್ದದ್ದು. ಕೊಟ್ಟಿಗೆಯ ಮಾತೆತ್ತಿದರೆ ತಾತ ಎಡಗೈಯಿಂದ ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಯಾರೋ ಆಗಲೇ ಎಳೆಯುತ್ತಿದ್ದಾರೆ ಎನ್ನುವಂತೆ.

ಸಂಗತಿ ನನ್ನಣ್ಣನ ಕಿವಿಗೆ ಬಿತ್ತು. ಅವನೇ ಟ್ರಾಕ್ಟರ್ ಮಾಡಿಕೊಂಡು, ತಮ್ಮೂರ ಕೆರೆ ಅಂಗಳದ ಬಿಳಿ ಮಣ್ಣು ತುಂಬಿಸಿಕೊಂಡು, ಅಷ್ಟು ದೂರದಿಂದ ಮಣ್ಣಿನ ಮೇಲೆ ಕೂತೇ ಬಂದ. ಹುಬ್ಬೆಲ್ಲ ಬೆಳ್ಳಗಾಗಿತ್ತು. ಮಂಚದ ಹತ್ತಿರ ಬಂದು, “ಬಾವಾ, ನಮ್ಮೂರ ಹುಡುಗೀನೂ ನೀವೇ ಆರಿಸ್ಕೊಂಡ್ರಿ. ಮಣ್ಣೂ ನೀವೇ ಆರಿಸ್ರಿ” ಎಂದು ಒಂದು ಹಿಡಿ ಮುಂದೆ ಚಾಚಿದ.

ಕಾಯಿಲೆ ಬಿದ್ದ ಮೇಲೆ ತಾತನನ್ನು ಯಾರೂ ಯಾವುದಕ್ಕೂ ಕೇಳಿರಲಿಲ್ಲ. ಕುರಿ ಮಾರುವಾಗ ಕೇಳಲಿಲ್ಲ, ಒಂದು ಹೊಲವನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಕೊಡುವಾಗ ಕೇಳಲಿಲ್ಲ. ಅವರು ಎಡಗೈಯಿಂದ ಒಂದು ಚಿಟಿಕೆ ತೆಗೆದುಕೊಂಡರು. ನಾಲಿಗೆಗೆ ಇಟ್ಟು ಎಂದಿನಂತೆ ಕಣ್ಣು ಮುಚ್ಚಿದರು.

“ಬಾಗುಂದಾ?” ಎಂದ ಅಣ್ಣ. ಚೆನ್ನಾಗಿದೆಯಾ ಎಂದು.

“ಐತೆ. ಚೌಳು ಐತೆ. ಹಾಕ್ರಿ” ಎಂದರು ತಾತ. ಸೊಟ್ಟಗಾದ ಬಾಯಿಯಲ್ಲೇ ನಕ್ಕರು. ಬಾಯಿ ಮುಕ್ಕಳಿಸಲು ನಾನು ಹಿಡಿದಿದ್ದ ಚೊಂಬನ್ನು ಬೇಡ ಎಂದು ತಳ್ಳಿದರು.

ಅಡುಗೆ ಕೋಣೆಯಲ್ಲಿ ನಿಮ್ಮಮ್ಮ ಸಣ್ಣ ದನಿಯಲ್ಲಿ ನಿಮ್ಮಪ್ಪನಿಗೆ ಹೇಳಿದಳು. “ಮಾವಂಗೆ ನೀರೂ ಉಪ್ಪು ಅನ್ಸುತ್ತಲ್ಲ. ನೀವು ಒಂಚೂರು ಬಾಯಿಗಿಟ್ಕೊಂಡು ನೋಡ್ರಿ.”

“ಅಪ್ಪ ಹೂಂ ಅಂದಾಗೈತೆ.”

“ಅದಕ್ಕೇ ಹೇಳ್ತಿರೋದು.”

“ಅಪ್ಪನ ಹಿಂದೆ ನಾನು ಬಾಯಿಗಿಟ್ರೆ ಏನನ್ಕಂತಾರೆ? ಇವತ್ತು ಮಕ ನೋಡ್ದಾ ಅವರ್ದು? ಈಗ ಹೋಗಿ ಅಲ್ಲ ಅಂತ ಹೇಳೋರು ಯಾರು, ನೀ ಹೇಳ್ತೀಯಾ?”

ಇಬ್ಬರೂ ನನ್ನ ಕಡೆ ನೋಡಿದರು. ಹೊರಗೆ ಅಣ್ಣ ಮೈಮೇಲಿನ ಧೂಳು ಕೊಡವುತ್ತಿದ್ದ. ನಾನು ಅವನಿಗೆ ಟೀ ಸೋಸುತ್ತಿದ್ದೆ.

ಮಣ್ಣು ಹರಡಿದರು. ದಿಮ್ಮಸಿನ ಸದ್ದು ಕೇಳುತ್ತಾ ಮಲಗಿದ್ದ ತಾತ ಒಳಗಿನಿಂದಲೇ ಹೇಳಿ ಕಳಿಸುತ್ತಿದ್ದರು: ಮೂಲೇಲಿ ಪೆಟ್ಟು ಸಾಲ್ದು, ದೋಣಿ ಕಡೆ ಇಳಿಜಾರು ಬಿಡ್ರಿ. ನಾನು ಬಾಗಿಲಿಗೂ ಮಂಚಕ್ಕೂ ಆ ಮಾತು ಹೊತ್ತು ತಿರುಗಿದೆ. ಆ ದಿನಗಳಲ್ಲಿ ಅವರು ಎರಡನೇ ಸಲ ಮುದ್ದೆ ಕೇಳಿ ಉಂಡರು. ಸಣ್ಣ ಹನಿ ಮಳೆಗಳು ಬಂದುಹೋದವು, ಏನೂ ಸೋರಲಿಲ್ಲ. ನಿಮ್ಮಪ್ಪ ನಿಮ್ಮಮ್ಮನ ಮುಖ ನೋಡಿ ಹುಬ್ಬು ಹಾರಿಸಿದ್ದು ನನಗೆ ನೆನಪಿದೆ.

ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಚೌಳಾಗಿದ್ದರೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಈ ಮಣ್ಣು ಕುಡಿಯಿತು. ಮೊದಲು ಒಲೆಯ ಹತ್ತಿರ ಹನಿ ಬಿತ್ತು. ನಿಮ್ಮಪ್ಪ ಕೊಪ್ಪೆ ಹಾಕಿಕೊಂಡು ಮೇಲೆ ಹೋದ. ನಾನು ಗಣೆ ತೆಗೆದುಕೊಂಡು ತಟ್ಟಿದೆ. ಅವನು ತುಳಿದ. ಅಷ್ಟರಲ್ಲಿ ಕಣಜದ ಹತ್ತಿರ ಬಿತ್ತು, ಅಲ್ಲಿ ತಟ್ಟಿದೆ. ಆಮೇಲೆ ದೇವರ ಗೂಡಿನ ಮುಂದೆ, ಆಮೇಲೆ ನಡುಮನೆಯಲ್ಲಿ.

“ಅವ್ವಾ, ಎಲ್ಲಾ ಕಡೆ ತಟ್ಟಿದ್ರೆ ನಾನು ಎಲ್ಲಿ ತುಳೀಲಿ?” ಎಂದ ಮೇಲಿನಿಂದ. ನಾನು ಗಣೆ ಕೆಳಗಿಟ್ಟೆ.

ಒಳಕೋಣೆಗೆ ಹೋದರೆ ಬೆಕ್ಕು ಆಗಲೇ ಎದ್ದು ಹೋಗಿತ್ತು. ತಾತನ ಕಂಬಳಿ ನೀರು ಕುಡಿದು ಭಾರವಾಗಿತ್ತು. ಜಂತೆಯ ಸಂದಿಯಿಂದ ಕೆಸರು ನೀರು ಅವರ ಎದೆಯ ಮೇಲೆ ಬೀಳುತ್ತಿತ್ತು. ನಾನು ಬೋಗುಣಿ ಹಿಡಿಯಲು ಹೋದೆ. ಅವರು ಬೋಗುಣಿಯನ್ನು ಸರಿಸಿ, ಎದೆಯ ಮೇಲಿನ ಕೆಸರನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಇಟ್ಟರು. ಆಮೇಲೆ ಅದೇ ಬೆರಳನ್ನು ನನ್ನ ಕಡೆಗೆ ಚಾಚಿದರು.

“ನೀ ನೋಡು.”

ನಮ್ಮ ಮದುವೆಯಾದಾಗಿನಿಂದ ಅವರು ನನಗೆ ಆ ಮಾತು ಹೇಳಿದ್ದಿಲ್ಲ. ನಾನು ನಾಲಿಗೆಗೆ ಇಟ್ಟೆ. ಸಪ್ಪೆ ಮಣ್ಣು. ಶೇಂಗಾ ಕೀಳುವಾಗ ಬಾಯಿಗೆ ಹಾರುತ್ತದಲ್ಲ, ಅಂಥ ಹೊಲದ ಮಣ್ಣು. ಅದರ ಬಿಳುಪು ಸುಣ್ಣದ ಕಲ್ಲಿನದು, ಉಪ್ಪಿನದಲ್ಲ.

“ಹೆಂಗೈತೆ?”

“ಉಪ್ಪು ಐತ್ರಿ” ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. “ನಿಂಗೆ ಸುಳ್ಳು ಹೇಳಾಕೂ ಬರಂಗಿಲ್ಲ” ಎಂದರು. ನಿಮ್ಮಪ್ಪ ನೆನೆದು ಒಳಗೆ ಬಂದು ನಿಂತಾಗ ಅವನಿಗೆ ಅವರು ಹೇಳಿದ್ದು ಇಷ್ಟೇ: “ಎತ್ಕೊಂಡು ಹೋಗ್ರಿ ನನ್ನ ಕೊಟ್ಟಿಗೆಗೆ.” ಈ ಸಲ ಮಂಚದ ಪಟ್ಟಿ ಹಿಡಿಯಲಿಲ್ಲ. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ತಗಡಿನ ಕೆಳಗೆ ಮಳೆ ಬಂದರೆ ಏನೂ ಕೇಳುವುದಿಲ್ಲ. ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಕುರಿ ಹಿಕ್ಕೆಯ ವಾಸನೆ ಎಷ್ಟು ತೊಳೆದರೂ ಹೋಗಲಿಲ್ಲ. ನಿಮ್ಮಪ್ಪ ದಿನಾ ಕೆಲಸ ಮುಗಿಸಿ ಬಂದು ಮಂಚದ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಏನಾದರೂ ಕೇಳುತ್ತಿದ್ದ. ಶೇಂಗಾ ಈಗ ಕಿತ್ರೆ ಆಗುತ್ತಾ ಅಪ್ಪ, ದೋಣಿ ಸರಿ ಮಾಡ್ಸೋಣ್ವಾ ಅಪ್ಪ. “ನಿಂಗೆ ತಿಳಿದಂಗೆ ಮಾಡು” ಅನ್ನುವರು. ಊಟಕ್ಕೆ ಕೂತಾಗ ಉಪ್ಪು ಅನ್ನುವುದನ್ನೂ ಬಿಟ್ಟರು. ಒಂದು ದಿನ ಮರೆತು ಎಲ್ಲರ ಸಾರನ್ನೇ ಬಡಿಸಿದೆ, ಉಂಡರು. ನಾಲಿಗೆ ಸರಿಯಾಯಿತೋ, ಹೇಳುವುದನ್ನೇ ನಿಲ್ಲಿಸಿದರೋ ನನಗೆ ಇವತ್ತಿಗೂ ತಿಳಿಯದು.

ಶೇಂಗಾ ಕಿತ್ತು ರಾಶಿ ಮಾಡುವ ಹೊತ್ತಿಗೆ ಅವರು ಹೋದರು. ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋದಾಗ ಮೈ ತಣ್ಣಗಿತ್ತು. ಅವರು ಕೇಳಿದ್ದಂತೆ ಒಳಗೆ ತಂದು ಮಲಗಿಸೋಣ ಎಂದು ನಿಮ್ಮಪ್ಪ ಹೊರಟ. ಒಳಕೋಣೆಯ ತೊಲೆ ಅಷ್ಟರಲ್ಲಿ ಬಾಗಿತ್ತು, ಅದಕ್ಕೆ ನೆಲದಿಂದ ಊರುಗೋಲು ಕೊಟ್ಟಿದ್ದೆವು, ಮಂದಿ ಒಳಗೆ ಹೋಗುವಂತಿರಲಿಲ್ಲ. ಕೊಟ್ಟಿಗೆಯಿಂದಲೇ ಎತ್ತಿದರು. ಅಣ್ಣ ಬಂದಿದ್ದ. ಮಾಳಿಗೆಯ ಕಡೆ ತಲೆ ಎತ್ತಿ ನೋಡಲಿಲ್ಲ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಆದರೂ ತಿಳಿದಿತ್ತು.

ಬೇಸಿಗೆಯಲ್ಲಿ ನಿಮ್ಮಪ್ಪ ಮನೆ ಕೆಡವಿದ. ಆಳಿಗೆ ಹೇಳದೆ ಮಾಳಿಗೆಯ ಮಣ್ಣನ್ನು ತಾನೇ ಸಲಿಕೆಯಿಂದ ತೆಗೆದ. ಮೇಲಿನ ಹೊಸ ಪದರವನ್ನು ಬೇವಿನ ಮರದ ಕಡೆಗೆ ಎಸೆದ. ಅದರ ಕೆಳಗಿನ ಹಳೆಯ ಚೌಳನ್ನು ಗೋಡೆಯ ಕಡೆಗೆ ಹಾಕಿದ. ಬೇರೆ ಬೇರೆ ಇಡಬೇಕೆಂದು ಹಾಕಿದನೋ, ಕೈ ಹೋದಂತೆ ಹಾಕಿದನೋ, ನಾನು ಕೇಳಿಲ್ಲ. ಎರಡೂ ಕೂಡಿ ಒಂದು ಗುಡ್ಡೆಯಾಯಿತು. ಅದನ್ನು ಸಾಗಿಸಿ ಹೂವಿನ ಗಿಡ ಹಾಕೋಣ ಎಂದು ನಿಮ್ಮಮ್ಮ ಈಗಲೂ ಆಗಾಗ ಹೇಳುತ್ತಾಳೆ. ನಿಮ್ಮಪ್ಪ ಕೇಳಿಸದವನಂತೆ ಹೊರಗೆ ಹೋಗುತ್ತಾನೆ. ಅವಳೂ ಮತ್ತೆ ಎರಡನೇ ಮಾತು ಆಡುವುದಿಲ್ಲ.

ಹುಲ್ಲು ಬರುವ ಕಡೆ ಇರುವುದು ನನ್ನ ತವರಿನ ಮಣ್ಣು. ಬೋಳಾಗಿರುವ ಕಡೆ ತಾತನದು. ಯಾವತ್ತಾದರೂ ಆ ಬೋಳು ಮಗ್ಗುಲಿನಿಂದ ಒಂದು ಚಿಟಿಕೆ ನಾಲಿಗೆಗೆ ಇಟ್ಟು ನೋಡಿ, ಚೌಳು ಹೇಗಿರುತ್ತದೆ ಎಂದು ನಿಮಗೆ ತಿಳಿದಿರಲಿ. ನಿಮ್ಮಪ್ಪ ಮನೆಯಲ್ಲಿರುವಾಗ ಮಾತ್ರ ಬೇಡ.